ಬಲಗೈ ಸರ್ಟಿಫಿಕೇಟು

ಆ ಕಾಗದ ನಮ್ಮ ಮನೆಗೆ ಬಂದದ್ದು ಒಂದು ಬುಧವಾರ ಬೆಳಿಗ್ಗೆ. ತಂದವರು ಟಿಂಬರ್ ಡಿಪೋದಲ್ಲಿ ಲೆಕ್ಕ ಬರೆಯುವ ರೈಟರು. ಹುಣಸೂರಿನಲ್ಲಿ ಆಗ ಮರದ ವ್ಯಾಪಾರದ್ದೇ ದರ್ಬಾರು. ಕೋಟೆ ಕಡೆಯ ಕಾಡಿನಿಂದ ಬಂದ ತೇಗ, ಮತ್ತಿ, ಹೊನ್ನೆ ದಿಮ್ಮಿಗಳು ರಸ್ತೆ ಪಕ್ಕ ಗುಡ್ಡೆ ಬಿದ್ದಿರುತ್ತಿದ್ದವು. ಅಂಥ ಒಂದು ಡಿಪೋದಲ್ಲಿ ನಮ್ಮ ಯಜಮಾನರು ಹನ್ನೊಂದು ವರ್ಷ ಲಾರಿಗೆ ದಿಮ್ಮಿ ಏರಿಸುವ ಕೆಲಸ ಮಾಡಿದ್ದರು. ಕಾಗದ ಬರುವುದಕ್ಕೆ ಮೂರು ತಿಂಗಳು ಮುಂಚೆ, ಲಾರಿಗೆ ಆನಿಸಿದ ತೊಲೆಗಳ ಮೇಲಿಂದ ಒಂದು ಮತ್ತಿ ದಿಮ್ಮಿ ಹಿಂದಕ್ಕೆ ಉರುಳಿ, ಅವರ ಬಲಗೈಯನ್ನ ಕೆಳಗಿದ್ದ ಇನ್ನೊಂದು ದಿಮ್ಮಿಗೆ ಒತ್ತಿ ಅರೆದು ಹಾಕಿತ್ತು.

ರೈಟರು ಜಗಲಿ ಮೇಲೆ ಕೂತು, ನೀರು ಕುಡಿದು, ಕಾಗದ ಬಿಚ್ಚಿದರು.

"ನೋಡಯ್ಯ, ಸಾಹುಕಾರ್ರು ಎಂಟುನೂರು ರೂಪಾಯಿ ಕೊಡ್ತಾರೆ. ಜೊತೆಗೆ ಗೇಟಲ್ಲಿ ವಾಚ್‌ಮನ್ ಕೆಲ್ಸ. ಕೂತು ತಿನ್ನೋ ಕೆಲ್ಸ ಕಣಯ್ಯ, ಪುಣ್ಯ ಮಾಡಿದ್ದೆ ನೀನು. ಸೋಮವಾರದೊಳಗೆ ಇದ್ರ ಮೇಲೆ ಹೆಬ್ಬೆಟ್ಟು ಒತ್ತಿ ತಂದ್ಕೊಡು."

ಎಂಟುನೂರು! ಒಟ್ಟಿಗೆ ನೂರು ರೂಪಾಯಿ ಕಂಡವರಲ್ಲ ನಾವು. ಒಳಗಿದ್ದ ನಮ್ಮತ್ತೆ ಅಲ್ಲಿಂದಲೇ ಕೈ ಮುಗಿದರು. ಯಜಮಾನರು ಬಲಗೈಯನ್ನ ಟವಲಿನೊಳಗೆ ಮುಚ್ಚಿಕೊಂಡು "ಆಯ್ತು ಬುಡಿ ರೈಟ್ರೇ" ಅಂತ ನಕ್ಕರು. ನಾನು ನಗಲಿಲ್ಲ. ಬೆಟ್ಟದಪುರದ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಓದಿದವಳು ನಾನು. ಓದು ಬಂದ ಹೆಂಗಸು ಮನೆಯಲ್ಲಿದ್ದರೆ ಎಲ್ಲರಿಗೂ ಕಿರಿಕಿರಿ, ಅವಳಿಗೂ ಕಿರಿಕಿರಿ.

"ಕೊಡಿ ಇಲ್ಲಿ, ನೋಡಾನ" ಅಂತ ಕಾಗದ ಈಸಿಕೊಂಡೆ. ನನಗೆ ಬರಬೇಕಾದ ಪರಿಹಾರವೆಲ್ಲ ಪೂರಾ ಸಂದಾಯವಾಗಿದೆ, ಇನ್ನು ಮುಂದೆ ಯಾವ ತಗಾದೆಯನ್ನೂ ಮಾಡುವುದಿಲ್ಲ, ಅಂತ ಬರೆದಿತ್ತು. ಎರಡು ಸಲ ಓದಿದೆ.

"ವಾಚ್‌ಮನ್ ಕೆಲ್ಸದ ಮಾತು ಇದ್ರಲ್ಲಿ ಎಲ್ಲೈತೆ ರೈಟ್ರೇ?"

"ಅದನ್ನ ಯಾರಾದ್ರೂ ಕಾಗದದಲ್ಲಿ ಬರೀತಾರೇನಮ್ಮ? ಸಾಹುಕಾರ್ರ ಮಾತೇ ಕಾಗದ."

"ಅಂಗಾದ್ರೆ ನಮ್ದೂ ಬಾಯ್ಮಾತೇ ಇರ್ಲಿ. ಹೆಬ್ಬೆಟ್ಟು ಯಾಕೆ ಮತ್ತೆ?"

ಯಜಮಾನರು ನನ್ನನ್ನ ನುಂಗುವ ಹಾಗೆ ನೋಡಿದರು. ರೈಟರು ಕೊಡೆ ಕಂಕುಳಿಗೆ ಸಿಕ್ಕಿಸಿಕೊಂಡು, "ಸೋಮವಾರ" ಅಂತ ಒಂದೇ ಮಾತು ಹೇಳಿ ಎದ್ದು ಹೋದರು.

ಸಾಹುಕಾರರು ಕೆಟ್ಟವರು ಅಂತ ಹೇಳಿ ಕೈ ತೊಳೆದುಕೊಳ್ಳುವ ಹಾಗಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಕೈ ಜಜ್ಜಿದ ದಿನ ತಮ್ಮ ಜೀಪಿನಲ್ಲೇ ಮೈಸೂರಿಗೆ ಕರಕೊಂಡು ಹೋದವರು ಅವರೇ. ಸೀಟಿಗೆಲ್ಲ ರಕ್ತ ಆದರೂ ಒಂದು ಮಾತು ಆಡಲಿಲ್ಲವಂತೆ. ಆಸ್ಪತ್ರೆಗೆ ಎರಡು ಸಲ ಕಿತ್ತಳೆಹಣ್ಣು ಕಳಿಸಿದ್ದರು. ಮೂರು ತಿಂಗಳು ಅರ್ಧ ಕೂಲಿ ಬರುತ್ತಿತ್ತು. ಬೈಯೋಣ ಅಂದರೆ ಬಾಯಿಗೆ ಅನ್ನ ಅಡ್ಡ ಬರುತ್ತಿತ್ತು. ಅದಕ್ಕೇ ಅವತ್ತು ಮಧ್ಯಾಹ್ನ ಸಿಟ್ಟೆಲ್ಲ ಒರಳುಕಲ್ಲಿನ ಮೇಲೆ ತೀರಿಸಿಕೊಂಡೆ. ಒಂದು ಪಾವು ಹುರುಳಿ ನುಣ್ಣಗಾಯಿತು.

ಕೈ ಹೇಗಿತ್ತು ಅಂತ ಹೇಳಿಬಿಡುತ್ತೇನೆ. ಐದು ಬೆರಳೂ ಇದ್ದವು. ದೂರದಿಂದ ನೋಡಿದವರಿಗೆ ಕೈ ಇದ್ದ ಹಾಗೇ ಕಾಣುತ್ತಿತ್ತು, ಮುಂಗೈ ಮೇಲೆ ಒಂದಿಷ್ಟು ಹೊಲಿಗೆ ಗುರುತು, ಅಷ್ಟೇ. ಆದರೆ ಬೆರಳು ಮಡಚುತ್ತಿರಲಿಲ್ಲ. ಹೆಬ್ಬೆಟ್ಟು ಒಂಚೂರು ಅಲ್ಲಾಡುವುದು, ಉಳಿದ ನಾಲ್ಕೂ ಬಾಚಣಿಗೆ ಹಲ್ಲಿನ ಹಾಗೆ ನೆಟ್ಟಗೆ ನಿಂತಿರುವುವು. ಮುಟ್ಟಿದರೆ ತಣ್ಣಗೆ. ರಟ್ಟೆಯಲ್ಲಿ ಮಾತ್ರ ಮೊದಲಿನ ಶಕ್ತಿಯೇ ಇತ್ತು. ಹನ್ನೊಂದು ವರ್ಷ ದಿಮ್ಮಿ ಹೊತ್ತ ರಟ್ಟೆ, ಎಲ್ಲಿಗೆ ಹೋಗುತ್ತದೆ?

ಇದನ್ನ ಅವರು ಯಾರಿಗೂ ಹೇಳುತ್ತಿರಲಿಲ್ಲ. ಕೇಳಿದವರಿಗೆಲ್ಲ "ಇನ್ನೇನು ಸರಿ ಓಯ್ತದೆ, ಒಂಚೂರು ಮರಗಟ್ಟದೆ" ಅನ್ನುವರು. ಒಂದು ದಿನ ವಠಾರದ ಬಾವಿಯಲ್ಲಿ ನೀರು ಸೇದಲು ಹೋಗಿ, ಬಿಂದಿಗೆ ಹಗ್ಗದ ಸಮೇತ ಕೈಬಿಟ್ಟರು. ಅಕ್ಕಪಕ್ಕದವರು ಓಡಿ ಬಂದು ಏನಾಯಿತು ಅಂತ ಕೇಳಿದರೆ "ಹಗ್ಗ ಲಡ್ಡಾಗಿತ್ತು ಕಣ್ರಪ್ಪ, ಕಿತ್ತೋಯ್ತು" ಅಂದರು. ಹದಿನೈದು ದಿನದ ಹಿಂದೆ ಸಂತೆಯಲ್ಲಿ ನಾನೇ ತಂದ ಹೊಸಾ ಹಗ್ಗ ಅದು! ಎಲ್ಲರೂ ಕೂಲಿಗೆ ಹೋದ ಮೇಲೆ ಪಾತಾಳಗರಡಿ ಇಳಿಬಿಟ್ಟು ನಾನೊಬ್ಬಳೇ ಬಿಂದಿಗೆ ಎತ್ತಿದೆ. ಹಗ್ಗ ಎಲ್ಲೂ ಕಿತ್ತಿರಲಿಲ್ಲ. ಅದನ್ನ ಒಣಗಿಸಿ ಸುತ್ತಿಟ್ಟೆ, ಅವರನ್ನ ಏನೂ ಕೇಳಲಿಲ್ಲ.

ಅವರ ಈ ಬುದ್ಧಿ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಡಿಪೋದ ಬೆಳಗಿನ ಪದ್ಧತಿ ತಿಳಿಯಬೇಕು. ಅಲ್ಲಿನ ಮೇಸ್ತ್ರಿ ಮಲೆಯಾಳದ ಕಡೆಯವನು. ದಿನಾ ಬೆಳಿಗ್ಗೆ ಗೇಟಿನ ಒಳಗೆ ಒಂದು ದಿಮ್ಮಿ ಉರುಳಿಸಿ, ಕೆಲಸಕ್ಕೆ ಬಂದವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು, ಅದರ ಒಂದು ತುದಿ ಎತ್ತಿಸುವನು. ಎತ್ತಿದರೆ ಸಾಲದು, ಅವನು ಮುಖ ನೋಡುವನು. ಯಾರ ಮುಖದಲ್ಲಿ ನೋವು ಕಂಡಿತೋ ಅವನಿಗೆ ಅವತ್ತು ಕೂಲಿಯಿಲ್ಲ, ಮನೆಗೆ ನಡಿ. ಜ್ವರ ಬಂದವರು, ಸೊಂಟ ಹಿಡಿದವರು, ಎಲ್ಲರೂ ಅಲ್ಲಿ ನಕ್ಕೊಂಡೇ ಎತ್ತುತ್ತಿದ್ದರು. ನಮ್ಮವರು ಒಂದು ಸಲ ಬೆನ್ನಲ್ಲಿ ಕುರು ಎದ್ದು ಕೀವು ಸುರಿಯುತ್ತಿದ್ದಾಗಲೂ ಎತ್ತಿ ನಕ್ಕು ಬಂದಿದ್ದರು. ಆ ಕೀವು ತೊಳೆದವಳು ನಾನು.

ಬುಧವಾರವೆಲ್ಲ ಅತ್ತೆಗೂ ನನಗೂ ಜಗಳವೇ ಆಯಿತು.

"ಕೊಟ್ಟದ್ದ ಕಣ್ಣಿಗೊತ್ಕೊಂಡು ಈಸ್ಕೊ ಅಮ್ಮಿ" ಅಂದರು ಅತ್ತೆ. "ಬಡವನ ಸಿಟ್ಟು ದವಡೆಗೆ ಮೂಲ. ನಿನ್ ಬಾಯಿಂದ ಆ ವಾಚ್‌ಮನ್ ಕೆಲ್ಸಾನೂ ಓಯ್ತದೆ, ನೋಡ್ತಿರು."

"ಎಂಟುನೂರು ಎಷ್ಟು ದಿನ ಬತ್ತದೆ ಅತ್ತೆ? ನಿಮ್ ಮಗನಿಗೆ ಇನ್ನೂ ಮೂವತ್ನಾಲ್ಕು. ಆ ಕೈ ಇಟ್ಕೊಂಡು ಇನ್ ಮೂವತ್ತು ವರ್ಷ ಬದುಕ್ಬೇಕು."

"ಸಾಹುಕಾರ್ರು ಏನೂ ಕೊಡಾಕಿಲ್ಲ ಅಂದ್ಬುಟ್ರೆ?"

ಅದೇ ನನಗೂ ಇದ್ದ ಭಯ. ಬಾಯಲ್ಲಿ ಮಾತ್ರ ಜೋರು ಮಾಡಿದೆ. ಎರಡು ಹೆಣ್ಣುಮಕ್ಕಳು, ದೊಡ್ಡದಕ್ಕೆ ಆರು ವರ್ಷ. ಅರ್ಧ ಕೂಲಿ ಆ ತಿಂಗಳಿಗೇ ನಿಲ್ಲುತ್ತದೆ ಅಂತ ರೈಟರು ಮೊದಲೇ ಹೇಳಿದ್ದರು. ಎಂಟುನೂರು ಜಾಸ್ತಿಯೋ ಕಮ್ಮಿಯೋ ಅಂತ ಹೇಳುವವರು ಒಬ್ಬರೂ ಇರಲಿಲ್ಲ. ಸಂತೆಯಲ್ಲಿ ಬದನೆಕಾಯಿಗೆ ಚೌಕಾಸಿ ಮಾಡಬಹುದು, ನಾಲ್ಕು ಅಂಗಡಿ ನೋಡಿ ಬರಬಹುದು. ಗಂಡನ ಕೈಗೆ ಎಷ್ಟು ಅಂತ ಯಾವ ಅಂಗಡಿಯಲ್ಲಿ ಕೇಳಲಿ?

ಗುರುವಾರ ತಾಲ್ಲೂಕು ಕಚೇರಿಗೆ ಹೋದೆ. ಅಲ್ಲಿ ಮರದ ಕೆಳಗೆ ಟೈಪ್ ಮಿಷನ್ನು ಇಟ್ಟುಕೊಂಡು ಅರ್ಜಿ ಬರೆಯುವ ಒಬ್ಬ ವಯಸ್ಸಾದ ಅಯ್ಯನವರು ಕೂರುತ್ತಿದ್ದರು. ಹಿಂದೆ ಯಾವುದೋ ವಕೀಲರ ಹತ್ತಿರ ಗುಮಾಸ್ತರಾಗಿದ್ದವರು. ಕಾಗದ ಮೇಲಿಂದ ಕೆಳಗೆ ಓದಿ, ಕನ್ನಡಕ ಹಣೆಗೆ ಏರಿಸಿ, "ಬೆರಳು ಎಷ್ಟು ಹೋಗಿದೆ ತಾಯಿ?" ಅಂದರು.

"ಒಂದೂ ಓಗಿಲ್ಲ ಸ್ವಾಮಿ. ಐದೂ ಅವೆ. ಆದ್ರೆ ಮಡಚಲ್ಲ."

"ಛೆ. ತುಂಡಾಗಿದ್ದಿದ್ರೆ ಸುಲಭವಾಗಿತ್ತು" ಅಂದರು.

ನನಗೆ ಎಲ್ಲಿತ್ತೋ ಸಿಟ್ಟು! "ಏನ್ ಸ್ವಾಮಿ ಅಂಗಂತೀರಿ? ಬಾಯಲ್ಲಿ ಒಳ್ಳೇ ಮಾತು ಬರಲ್ವಾ?" ಅಂದುಬಿಟ್ಟೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ಕಾನೂನಿನಲ್ಲಿ ಒಂದು ಪಟ್ಟಿ ಇದೆ, ಹೆಬ್ಬೆಟ್ಟು ಹೋದರೆ ಇಷ್ಟು, ತೋರುಬೆರಳು ಹೋದರೆ ಇಷ್ಟು ಅಂತ. ಅಂಗ ಇದ್ದೂ ಕೆಲಸಕ್ಕೆ ಬಾರದೆ ಹೋದರೆ ಮಾತ್ರ ಡಾಕ್ಟರು ನೋಡಿ, ದುಡಿಯುವ ಶಕ್ತಿ ಎಷ್ಟು ಪಾಲು ಹೋಗಿದೆ ಅಂತ ಬರೆದು ಕೊಡಬೇಕು, ಅಂತ ನಿಧಾನಕ್ಕೆ ಬಿಡಿಸಿ ಹೇಳಿದರು.

"ಡಾಕ್ಟರು ಸ್ವಲ್ಪ ಪಾಲು ಹೋಗಿದೆ ಅಂತ ಬರೆದರೆ ಈ ಎಂಟುನೂರು ಧಾರಾಳವಾಯ್ತು, ಕೈ ಮುಗಿದು ತಗೊಳ್ಳಿ. ಅರ್ಧಕ್ಕಿಂತ ಮೇಲೆ ಹೋಗಿದೆ ಅಂತ ಬರೆದರೆ, ನಿಮಗೆ ನ್ಯಾಯವಾಗಿ ಬರಬೇಕಾದ್ದರಲ್ಲಿ ಇದು ಅರ್ಧವೂ ಅಲ್ಲ. ಎಲ್ಲಾ ಆ ಒಂದು ಚೀಟಿ ಮೇಲೆ ನಿಂತಿದೆ. ಇನ್ನೊಂದು ಮಾತು, ಮೈಸೂರಿನಲ್ಲಿ ಕೂಲಿಯವರ ಪರಿಹಾರ ನೋಡುವ ಸರ್ಕಾರಿ ಆಫೀಸರಿದ್ದಾರೆ, ಅವರ ಮುಂದೆ ಆಗದ ರಾಜಿಗೆ ಹೆಬ್ಬೆಟ್ಟು ಒತ್ತಬೇಡಿ."

"ಸಾಹುಕಾರ್ರು ಒಪ್ದೆ ಓದ್ರೆ?"

"ಕೇಸು. ವರ್ಷ ಹಿಡಿದರೂ ಹಿಡೀತು."

ವರ್ಷ! ಮನೆಯಲ್ಲಿ ರಾಗಿ ಇದ್ದದ್ದು ಇಪ್ಪತ್ತು ದಿನಕ್ಕೆ. ವಾಪಸ್ಸು ನಡೆದು ಬರುವಾಗ ಲಕ್ಷ್ಮಣತೀರ್ಥದ ಸೇತುವೆ ಮೇಲೆ ನಿಂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಂದಿಷ್ಟು ಅತ್ತೆ. ಆಮೇಲೆ ಮೂಗೊರೆಸಿಕೊಂಡು ಮನೆಗೆ ಬಂದು, ಶನಿವಾರ ಮೈಸೂರಿಗೆ ಹೋಗೋಣ, ಡಾಕ್ಟರಿಗೆ ತೋರಿಸೋಣ ಅಂತ ಯಜಮಾನರಿಗೆ ಹೇಳಿದೆ.

ಅವರು ಒಪ್ಪಲಿಲ್ಲ. "ಲೇ, ನಿಂಗೆ ಬುದ್ಧಿ ಐತಾ? ಡಾಕ್ಟ್ರು ಈ ಕೈಲಿ ಏನೂ ಆಗಾಕಿಲ್ಲ ಅಂತ ಬರುದ್ರೆ ವಾಚ್‌ಮನ್ ಕೆಲ್ಸ ಯಾವನ್ ಕೊಡ್ತಾನೆ? ಆ ಚೀಟಿ ಸಾಯೋಗಂಟ ನನ್ ಬೆನ್ನಿಗ್ ಬೀಳ್ತದೆ ಕಣಮ್ಮಿ."

ಅದೂ ಸುಳ್ಳಲ್ಲ. ಶಕ್ತಿ ಇದೆ ಅಂದರೆ ದುಡ್ಡಿಲ್ಲ, ಇಲ್ಲ ಅಂದರೆ ಕೆಲಸವಿಲ್ಲ. ನಾನು ಶುಕ್ರವಾರವೆಲ್ಲ ಇದನ್ನೇ ಹಿಂದೆ ಮುಂದೆ ತಿರುಗಿಸಿದೆ. ಗೇಟಿನಲ್ಲಿ ಕೂರುವ ಕೆಲಸ ಕಾಗದದಲ್ಲಿಲ್ಲ. ಇವತ್ತು ಕೊಟ್ಟು ನಾಳೆ ಬೇಡ ಅಂದರೆ ಕೇಳುವವರಿಲ್ಲ. ದುಡ್ಡು ಕೈಗೆ ಬಂದರೆ ಒಂದು ಎಮ್ಮೆಯಾದರೂ ಕಟ್ಟಬಹುದು. ಆದರೆ ಬರುತ್ತದೋ ಇಲ್ಲವೋ! ಕೊನೆಗೆ ಅವರ ಮುಂದೆ ಕೂತು, ಜೋರು ಮಾಡದೆ, ಒಂದೇ ಮಾತು ಕೇಳಿಕೊಂಡೆ. "ಬನ್ನಿ ಅಷ್ಟೇ. ಡಾಕ್ಟ್ರು ಕೇಳಿದ್ಕೆ ಇದ್ದದ್ದ ಇದ್ದಂಗೆ ಹೇಳಿ. ಸುಳ್ಳು ಹೇಳಿ ಅಂತ ನಾನ್ ಹೇಳ್ತಿಲ್ಲ. ನೋವಿದ್ರೆ ನೋವು ಅನ್ನಿ, ಸಾಕು." ಅವರು "ಊಂ" ಅಂದರು.

ಶನಿವಾರ ಮೊದಲನೇ ಬಸ್ಸಿಗೆ ಹೋದೆವು. ಆಸ್ಪತ್ರೆಯಲ್ಲಿ ಬೆಂಚಿನ ಮೇಲೆ ಮೂರು ಗಂಟೆ ಕಾದೆವು. ಕೂತಲ್ಲೇ ಇನ್ನೊಂದು ಸಲ "ಇದ್ದದ್ದ ಹೇಳಿ" ಅಂತ ಪಿಸುಗುಟ್ಟಿದೆ. "ಎಷ್ಟ್ ಸಲ ಹೇಳ್ತೀಯೆ, ನಾನೇನು ಮಗೀನಾ?" ಅಂತ ಗದರಿದರು.

ಡಾಕ್ಟರು ನಡುವಯಸ್ಸಿನವರು, ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು. ಕೂರಿಸಿ, ಕೈ ಹಿಡಿದು ತಿರುವಿ ನೋಡಿದರು. ಗಿಣ್ಣು ಗಿಣ್ಣು ಒತ್ತಿದರು.

"ನೋವಿದೆಯಾ?"

"ಇಲ್ಲ ಸ್ವಾಮಿ."

ಒತ್ತಿದ ಕಡೆಯೆಲ್ಲ ಅವರ ಕಾಲಿನ ಬೆರಳು ನೆಲವನ್ನ ಕಚ್ಚಿ ಹಿಡಿಯುತ್ತಿದ್ದುದು ನನಗೆ ಕಾಣುತ್ತಿತ್ತು. ಡಾಕ್ಟರಿಗೆ ಕಾಣುತ್ತಿರಲಿಲ್ಲ.

"ಭಾರ ಗೀರ ಎತ್ತೋಕೆ ಆಗುತ್ತಾ?"

ಅಷ್ಟೇ ಕೇಳಿದ್ದು. ನಮ್ಮವರು ಎದ್ದೇಬಿಟ್ಟರು. ಅಲ್ಲೊಂದು ಕಬ್ಬಿಣದ ಸ್ಟೂಲು ಇತ್ತು, ರೋಗಿಗಳು ಕೂರುವಂಥದ್ದು. ಬಲಗೈ ಮಣಿಕಟ್ಟನ್ನ ಅದರ ಕಂಬಿಯೊಳಗೆ ಕೊಕ್ಕೆಯ ಹಾಗೆ ತೂರಿಸಿ, ರಟ್ಟೆಯ ಬಲದಲ್ಲೇ ಎತ್ತಿ ಭುಜದವರೆಗೆ ತಂದು ನಿಲ್ಲಿಸಿದರು. ನಿಲ್ಲಿಸಿ ನಕ್ಕರು. ಮೇಸ್ತ್ರಿ ಮುಂದೆ ನಗುವ ನಗು ಅದು.

ನಾನು ಸುಳ್ಳು ಹೇಳುವುದಿಲ್ಲ. ಒಂದು ಗಳಿಗೆ ನನಗೆ ಹೆಮ್ಮೆಯಾಯಿತು. ಅಯ್ಯೋ ನನ್ನ ರಾಜಾ, ಅನ್ನಿಸಿತು. ಮರುಗಳಿಗೆಯಲ್ಲಿ ವಿಷಯ ತಿಳಿಯಿತು. ಆ ಮನುಷ್ಯನಿಗೆ ಇದು ಆಸ್ಪತ್ರೆ ಅನ್ನುವುದೇ ಮರೆತುಹೋಗಿತ್ತು. ಯಾರೋ ಎದುರು ನಿಂತು ಎತ್ತೋಕಾಗುತ್ತಾ ಅಂತ ಕೇಳಿದರು, ಇವರು ಎತ್ತಿದರು. ಹನ್ನೊಂದು ವರ್ಷ ದಿನಾ ಬೆಳಿಗ್ಗೆ ಮಾಡಿದ್ದನ್ನೇ ಮಾಡಿದರು, ಬೇರೆ ಏನು ತಾನೆ ಗೊತ್ತಿತ್ತು ಅವರಿಗೆ!

"ಭಲೇ! ಪರವಾಗಿಲ್ಲವಲ್ಲಯ್ಯ, ಚೆನ್ನಾಗೇ ಕೂಡಿಕೊಂಡಿದೆ" ಅಂತ ಡಾಕ್ಟರು ಪೆನ್ನು ತಗೊಂಡು ಬರೆಯತೊಡಗಿದರು.

ಆ ಪೆನ್ನು ಓಡುತ್ತಿದ್ದುದನ್ನ ನೋಡುತ್ತಾ ನಿಂತೆ. ಒಂದು ಸಾಲು ಬರೆದಾಯಿತು. ಎರಡನೇ ಸಾಲು. ಸುಮ್ಮನಿರು, ಅವರ ಮಾನ ಉಳಿಯಲಿ, ಎಂಟುನೂರು ತಗೊಂಡು ಹೋಗೋಣ, ಅಂತ ಒಂದು ಮನಸ್ಸು. ಮಕ್ಕಳ ಮುಖ ಒಂದು ಕಡೆ. ಬಾಯಿ ನನ್ನನ್ನ ಕೇಳದೆಯೇ ತೆರೆಯಿತು.

"ನಿಲ್ಸಿ ಸ್ವಾಮಿ! ಅದು ಸುಳ್ಳು!"

ಡಾಕ್ಟರು ತಲೆಯೆತ್ತಿದರು. ಪಕ್ಕದಲ್ಲಿದ್ದ ನರ್ಸಮ್ಮ ಬಾಯಿ ಬಿಟ್ಟುಕೊಂಡು ನೋಡಿದರು. ಬಾಗಿಲಲ್ಲಿ ಸಾಲಾಗಿ ನಿಂತಿದ್ದ ಜನವೂ ಇಣುಕಿದರು.

"ಸುಮ್ಕಿರ್ತೀಯೋ ಇಲ್ವೋ" ಅಂದರು ಯಜಮಾನರು, ಹಲ್ಲು ಕಚ್ಚಿ.

"ಇರಲ್ಲ. ಸ್ವಾಮಿ, ಅದು ರಟ್ಟೆ ಎತ್ತಿದ್ದು, ಕೈ ಎತ್ತಿದ್ದಲ್ಲ. ಇವ್ರ ಅಂಗಿ ಗುಂಡಿ ನಾನ್ ಆಕ್ತೀನಿ. ಪಂಚೆ ಗಂಟು ನಾನ್ ಕಟ್ತೀನಿ. ಮುದ್ದೆ ಮುರ್ಯಾಕಾಗಲ್ಲ, ಯಾರ್ಗೂ ಕಾಣದಂಗೆ ಗೋಡೆ ಕಡೀಕೆ ತಿರುಗ್ಕೊಂಡು ಎಡಗೈಲಿ ಉಣ್ತಾರೆ. ಬಾವೀಲಿ ಬಿಂದಿಗೆ ಕೈಬಿಟ್ಟು ಹಗ್ಗ ಕಿತ್ತೋಯ್ತು ಅಂತ ಊರಿಗೆಲ್ಲ ಹೇಳವ್ರೆ, ಹಗ್ಗ ಕಿತ್ತಿರ್ಲಿಲ್ಲ. ಸಣ್ಣ ಮಗೀನ ಎತ್ಕಳಾಕೆ ಎದರ್ತಾರೆ ಸ್ವಾಮಿ, ಜಾರಿ ಬಿದ್ದೋಯ್ತದೆ ಅಂತ. ಒತ್ತಿದ ಕಡೆಯೆಲ್ಲ ನೋವದೆ. ಅವ್ರ ಕಾಲ್ಬೆರಳು ನೋಡಿ!"

ಹೇಳುತ್ತಾ ಹೇಳುತ್ತಾ ನನಗೇ ನಿಲ್ಲಿಸಲು ಆಗಲಿಲ್ಲ. ಮೂರು ತಿಂಗಳು ಮುಚ್ಚಿಟ್ಟದ್ದೆಲ್ಲ ಹೊರಗೆ ಬಂತು. ಹಗ್ಗದ ಮಾತು ಬಂದಾಗ ಅವರು ನನ್ನತ್ತ ತಿರುಗಿದರು. ನನಗೆ ಗೊತ್ತಿದೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಆ ಕಣ್ಣು ನೋಡಿಯೂ ಮುಂದಿನದನ್ನ ಹೇಳಿಯೇಬಿಟ್ಟೆ.

ಡಾಕ್ಟರು ಪೆನ್ನು ಕೆಳಗಿಟ್ಟರು. ಸೂಜಿ ಕುದಿಸುವ ಸ್ಪಿರಿಟ್ ಒಲೆ ಪಕ್ಕ ಬೆಂಕಿಪೊಟ್ಟಣ ಇತ್ತು. ಅದನ್ನ ಮೇಜಿನ ಮೇಲೆ ತಳ್ಳಿ, "ಬಲಗೈಲಿ ಒಂದು ಕಡ್ಡಿ ಗೀರಿ ತೋರಿಸಪ್ಪ" ಅಂದರು. ಧ್ವನಿ ಮೆತ್ತಗಿತ್ತು.

ನಮ್ಮವರು ಪೊಟ್ಟಣವನ್ನ ಎಡಗೈಲಿ ಹಿಡಿದು ತೆರೆದರು. ಬಲಗೈ ಹೆಬ್ಬೆಟ್ಟು ಮತ್ತು ತೋರುಬೆರಳಿನ ಮಧ್ಯೆ ಕಡ್ಡಿ ಸಿಕ್ಕಿಸಲು ನೋಡಿದರು. ಬಿತ್ತು. ಇನ್ನೊಂದು. ಅದೂ ಬಿತ್ತು. ಮೂರನೆಯದಕ್ಕೆ ಪೊಟ್ಟಣವೇ ಮಗುಚಿ ಕಡ್ಡಿಗಳೆಲ್ಲ ಮೇಜಿನ ಮೇಲೆ ಹರಡಿಕೊಂಡವು. ಅವರು ಬಿಡಲಿಲ್ಲ. ಬೆರಳ ಸಂದಿಯಲ್ಲಿ ಒಂದನ್ನ ಹೇಗೋ ಸಿಕ್ಕಿಸಿ ಪೊಟ್ಟಣಕ್ಕೆ ತೀಡಿದರು, ಕಡ್ಡಿ ಮುರಿಯಿತು. ಹಣೆಯಿಂದ ಬೆವರು ಇಳಿದು ಮೂಗಿನ ತುದಿಯಲ್ಲಿ ನಿಂತಿತು. ನಾನು ಹೋಗಿ ಆ ಪೊಟ್ಟಣ ಕಿತ್ತುಕೊಂಡುಬಿಡಲೇ ಅನ್ನಿಸಿತು. ಎರಡು ಕೈಯನ್ನೂ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೆ.

"ಸಾಕು ಬಿಡಪ್ಪ" ಅಂದರು ಡಾಕ್ಟರು.

ಬರೆದದ್ದನ್ನ ಹರಿದು ಹಾಕಿ ಬೇರೆ ಕಾಗದ ತಗೊಂಡರು. ಈ ಸಲ ಒಂದೊಂದೇ ಬೆರಳು ಹಿಡಿದು, ಅಳೆದು, ತುಂಬಾ ಹೊತ್ತು ಬರೆದರು. ದುಡಿಯುವ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿದೆ, ವಾಪಸ್ಸು ಬರುವ ಹಾಗಿಲ್ಲ ಅಂತ ಬರೆದಿದ್ದಾರೆ, ಅಂತ ನರ್ಸಮ್ಮ ಮೆಲ್ಲಗೆ ಹೇಳಿದರು. ನನಗೆ ಬೇಕಾದದ್ದೇ ಸಿಕ್ಕಿತ್ತು. ವಾಪಸ್ಸು ಬರುವ ಹಾಗಿಲ್ಲ ಅನ್ನುವ ಮಾತಿಗೆ ಮಾತ್ರ ನಾನು ತಯಾರಾಗಿರಲಿಲ್ಲ. ಅಲ್ಲಿವರೆಗೆ ನಾನೂ ಒಳಗೊಳಗೇ ಸರಿಹೋಗುತ್ತದೆ ಅಂತಲೇ ನಂಬಿದ್ದೆ.

ಬಸ್ಸಿನಲ್ಲಿ ಅವರು ಮುಂದೆ ಹೋಗಿ ಕೂತರು. ನಾನು ಹಿಂದೆ ಕೂತೆ. ಹುಣಸೂರು ಬರುವವರೆಗೂ ಅವರು ಒಂದು ಸಲವೂ ತಿರುಗಿ ನೋಡಲಿಲ್ಲ.

ಸೋಮವಾರ ರೈಟರು ಬಂದಾಗ ಕಾಗದ ಹಾಗೇ ವಾಪಸ್ಸು ಕೊಟ್ಟೆ. ಅಯ್ಯನವರು ಟೈಪ್ ಮಾಡಿಕೊಟ್ಟ ಪತ್ರವನ್ನೂ, ಸರ್ಟಿಫಿಕೇಟಿನ ನಕಲನ್ನೂ ಜೊತೆಗೆ ಇಟ್ಟೆ. ರೈಟರು ಓದಿ, "ಅಯ್ಯೋ ತಾಯಿ, ಕೈಗೆ ಬಂದ ತುತ್ತನ್ನ ಒದ್ದುಬಿಟ್ಯಲ್ಲ" ಅಂತ ತಲೆ ಅಲ್ಲಾಡಿಸಿದರು.

ಆಮೇಲಿನ ಹದಿನೆಂಟು ದಿನ ನಾನು ಹೇಗೆ ಕಳೆದೆ ಅಂತ ದೇವರಿಗೇ ಗೊತ್ತು. ಸಾಹುಕಾರರ ಕಡೆಯಿಂದ ಮಾತಿಲ್ಲ ಕತೆಯಿಲ್ಲ. ಅರ್ಧ ಕೂಲಿ ನಿಂತಿತು. ರಾಗಿ ಡಬ್ಬದ ತಳ ಕಂಡಿತು. ರಸ್ತೆಯಲ್ಲಿ ಸೈಕಲ್ ಬೆಲ್ ಆದರೆ ರೈಟರೇ ಅಂತ ಓಡಿ ಬಾಗಿಲಿಗೆ ಬರುವುದು, ಅಲ್ಲ ಅಂತ ವಾಪಸ್ಸು ಹೋಗುವುದು. ಅತ್ತೆ ಬೈಯುವುದನ್ನೂ ನಿಲ್ಲಿಸಿಬಿಟ್ಟಿದ್ದರು, ಅದು ಇನ್ನೂ ಹೆದರಿಕೆ. ಹಠ ಮಾಡಿ ಮನೆ ಮುಳುಗಿಸಿದೆನಾ? ಎಂಟುನೂರಕ್ಕೆ ಏನಾಗಿತ್ತು? ಅಂತ ನೀರು ಸೇದುವಾಗ, ಸೌದೆ ಒಟ್ಟುವಾಗ ನನ್ನನ್ನ ನಾನೇ ಕೇಳಿಕೊಳ್ಳುತ್ತಿದ್ದೆ. ಯಜಮಾನರು ಬೆಳಿಗ್ಗೆ ಎದ್ದು ಅಂಗಿಯನ್ನ ಗುಂಡಿ ಹಾಕದೆ ಹಾಗೇ ತೊಟ್ಟುಕೊಂಡು ಹೊರಗೆ ಹೋಗುವರು, ಊಟಕ್ಕೆ ಬರುವರು. ನನ್ನ ಹತ್ತಿರ ಮಾತು ಬೇಕಾದಾಗ ಮಗಳ ಕೈಲಿ ಹೇಳಿ ಕಳಿಸುವರು.

ಹತ್ತೊಂಬತ್ತನೇ ದಿನ ರೈಟರು ಬಂದರು. ಸಾಹುಕಾರರು ಸಾವಿರದ ಒಂಬೈನೂರಕ್ಕೆ ಒಪ್ಪಿದ್ದಾರೆ, ಮೈಸೂರಿನಲ್ಲಿ ಆಫೀಸರ ಮುಂದೆಯೇ ಆಗಲಿ ಅಂದಿದ್ದಾರೆ. ವಾಚ್‌ಮನ್ ಕೆಲಸ ಮಾತ್ರ ಇಲ್ಲ. "ಕೈ ಆಗಲ್ಲ ಅಂತ ಡಾಕ್ಟರೇ ಬರೆದುಕೊಟ್ಟ ಮೇಲೆ ನಾನು ಹೇಗೆ ಕೆಲಸಕ್ಕಿಟ್ಕೊಳ್ಳಲಿ ಅಂತ ಕೇಳ್ತಾರೆ ಸಾಹುಕಾರ್ರು. ಅವರದ್ದೂ ತಪ್ಪಲ್ಲ ನೋಡಮ್ಮ." ತಪ್ಪಲ್ಲ, ನಿಜ.

ಅಯ್ಯನವರ ಹತ್ತಿರ ಓಡಿದೆ. ಹೊಡೆದಾಡಿದರೆ ಇನ್ನೊಂದು ಮುನ್ನೂರು ನಾನ್ನೂರು ಬಂದರೂ ಬರಬಹುದು, ಆದರೆ ವರ್ಷ ಕಾಯಬೇಕು, ಅಂದರು. ಮನೆಗೆ ಬಂದು, ಈ ಸಲ ನಾನೇ ತೀರ್ಮಾನ ಮಾಡಬಾರದು ಅಂತ ಯಜಮಾನರ ಮುಂದೆ ನಿಂತೆ. "ನೀವೇ ಹೇಳಿ. ಒಪ್ಕೊಳ್ಳಾನಾ, ಕಾಯಾನಾ?"

"ನನ್ನ ಕೇಳಿ ಏನಾಗ್ಬೇಕು? ಕೈ ನಂದಾ, ನಿಂದಾ?" ಅಂದರು. ಮೂರು ವಾರದಲ್ಲಿ ನೇರವಾಗಿ ನನಗೆ ಆಡಿದ ಮೊದಲ ಮಾತು ಅದು. ಆಮೇಲೆ "ಸಾಕು, ಮುಗಿಸು" ಅಂದರು. ಮುಗಿಸಲು ಒಪ್ಪಿದೆ.

ಮೈಸೂರಿನ ಆಫೀಸಿನಲ್ಲಿ ಸಾಹುಕಾರರ ಕಡೆಯಿಂದ ರೈಟರು, ನಮ್ಮ ಕಡೆಯಿಂದ ನಾವಿಬ್ಬರು. ಆಫೀಸರು ಕಾಗದವನ್ನ ಗಟ್ಟಿಯಾಗಿ ಓದಿ ಹೇಳುವುದು ಅಲ್ಲಿನ ಕ್ರಮವಂತೆ, ಓದಲು ಬಾರದವನಿಗೆ ಮೋಸವಾಗದಿರಲಿ ಅಂತ. ಒಳ್ಳೆಯ ಕ್ರಮವೇ. ಸರ್ಟಿಫಿಕೇಟನ್ನೂ ಓದಿದರು. ಸಣ್ಣ ವಸ್ತು ಹಿಡಿಯಲಾರ, ಉಪಕರಣ ಬಳಸಲಾರ, ಹಿಂದಿನ ಕಸುಬಿಗೆ ಯೋಗ್ಯನಲ್ಲ, ಅಂತ ಒಂದೊಂದೇ ಸಾಲು. ನಾಲ್ಕು ಗುಮಾಸ್ತರು ಬರೆಯುವುದು ಬಿಟ್ಟು ಕೇಳಿಸಿಕೊಂಡರು. ನಮ್ಮವರು ತಲೆ ಎತ್ತಿಕೊಂಡೇ ನಿಂತಿದ್ದರು.

"ಇದೆಲ್ಲ ನಿಜವೇನಪ್ಪ? ನಿನಗೆ ಒಪ್ಪಿಗೆಯಾ?"

"ನಿಜ ಸ್ವಾಮಿ. ಒಪ್ಪಿಗೆ."

ಎಡಗೈ ಹೆಬ್ಬೆಟ್ಟು ಒತ್ತಿದರು. ರೈಟರು ಆಫೀಸರ ಮುಂದೆ ನೋಟು ಎಣಿಸಿ ಕೊಟ್ಟರು. ನಮ್ಮವರು ಅದನ್ನ ಎಡಗೈಲಿ ಈಸಿಕೊಂಡು, ಬಲಗೈಯನ್ನ ಅದರ ಕೆಳಗೆ ಆಧಾರ ಕೊಟ್ಟು ಹಿಡಿದುಕೊಂಡು ಹೊರಗೆ ನಡೆದರು. ನಾನು ಹಿಂದೆ ಹಿಂದೆ ಹೋದೆ. ಮೆಟ್ಟಿಲ ಹತ್ತಿರ ನಿಂತು ನನ್ನ ಕಡೆ ತಿರುಗಿದರು. ನೋಟಿನ ಕಟ್ಟನ್ನ ನನ್ನ ಮುಂದೆ ಚಾಚಿದರು.

"ತಗೊ" ಅಂದರು. "ನೀನ್ ದುಡ್ದದ್ದು ಇದು."

ಅದನ್ನ ಸಿಟ್ಟಿನಲ್ಲಿ ಅಂದರೋ, ಮೆಚ್ಚಿ ಅಂದರೋ, ನನಗೆ ತಿಳಿಯಲಿಲ್ಲ. ಆ ದುಡ್ಡಿನಲ್ಲಿ ಎರಡು ಎಮ್ಮೆ ಕಟ್ಟಿದೆವು, ಮಕ್ಕಳು ಓದಿದರು, ನಮ್ಮವರು ಇನ್ನೂ ಇಪ್ಪತ್ತು ವರ್ಷಕ್ಕೆ ಮೇಲೆ ನನ್ನ ಜೊತೆ ಬಾಳಿದರು. ಮಾತು ಕತೆ, ನಗು, ಜಗಳ ಎಲ್ಲಾ ಮೊದಲಿನ ಹಾಗೆ ವಾಪಸ್ಸು ಬಂತು. ಆ ಒಂದು ಮಾತಿನ ಅರ್ಥವೇನು ಅಂತ ಯಾವತ್ತಾದರೂ ಕೇಳಬಹುದಿತ್ತು. ರೈಟರನ್ನ ಕೇಳಿದವಳು, ಡಾಕ್ಟರ ಪೆನ್ನು ನಿಲ್ಲಿಸಿದವಳು, ಇವರನ್ನ ಕೇಳಲು ನನಗೆ ಹೆದರಿಕೆಯಾಯಿತು. ಅವರು ತೀರಿಹೋದರು, ನಾನು ಕೇಳಲೇ ಇಲ್ಲ.